ಮೊಲಕ್ಕೆ ಬಡಿಸಿದ ಅನ್ನ

ಕೋಲಸಿರ್ಸಿಯ ಹೊನ್ನಮ್ಮನ ಮನೆಯ ಮೊಲವನ್ನು ಎತ್ತಬೇಕೆಂದರೆ ಇಬ್ಬರು ಗಟ್ಟಿ ಗಂಡಸರು ಬೇಕು. ಹಾಗೆಂದು ಊರಿಗೆಲ್ಲ ಸಾರಿದವಳು ಹೊನ್ನಮ್ಮನೇ. ಸಿದ್ದಾಪುರದ ಬಸ್ಸಿನಲ್ಲಿ ಪಕ್ಕಕ್ಕೆ ಯಾರೇ ಬಂದು ಕೂರಲಿ, ಟಿಕೆಟು ಕೊಡಲು ಬಂದ ಕಂಡಕ್ಟರನೇ ಆಗಲಿ, ಅವಳದು ಅದೇ ಮಾತು.

"ನಮ್ಮನೆ ಮೊಲ ಕಂಡೀಯನಾ ತಮ್ಮಾ? ಕಾಣ್ದಿದ್ರೇ ಒಳ್ಳೇದಾತು. ಕಂಡೋರು ಕರಾ ಅಂದ್ಕಂಡು ಹಗ್ಗ ಹುಡುಕ್ತಾರೆ."

ಕೇಳಿದವನು ಕಣ್ಣರಳಿಸಿದರೆ ಹೊನ್ನಮ್ಮ ಆ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿ ಖುಷಿಪಡುತ್ತಿದ್ದಳು. ಆಮೇಲೆ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಅರ್ಧ ಸುಳ್ಳು ಮಾರಾಯಾ. ಒಬ್ಬ ಸಾಕು ಎತ್ತಾಕೆ. ಆದ್ರೆ ಅವ ಬೆಳಿಗ್ಗೆ ಗಂಜಿ ಉಂಡಿರ್ಬೇಕು" ಎನ್ನುತ್ತಿದ್ದಳು.

ಉಳಿದ ಅರ್ಧ ನಿಜವೇ. ಅವಳ ಮೊಲಗಳು ದಪ್ಪಗಿದ್ದವು. ಎಲ್ಲ ಸಂಕಟ ಸುರುವಾದದ್ದೂ ಅಲ್ಲಿಂದಲೇ.

ಚೌತಿ ಹಬ್ಬ ಕಳೆದ ಮೇಲೆ ಹೆಂಗಸರ ಸಂಘದಿಂದ ಊರಿಗೆ ಮೊಲದ ಮರಿಗಳು ಬಂದಿದ್ದವು. ಆಗಷ್ಟೇ ತಾಯಿಹಾಲು ಬಿಟ್ಟ ಮರಿಗಳು, ಒಂದೇ ತಾಯಿಯವು. ಮೂರು ಹೊನ್ನಮ್ಮನಿಗೆ, ಮೂರು ಕೆಳಗಿನ ಕೇರಿಯ ನಾಗಿಗೆ. ಮರಿ ಹಂಚಿದವಳು ಚೇತನಾ, ಪಕ್ಕದ ಮನೆಯ ಉಲ್ಲಾಸನ ಹೆಂಡತಿ. ಸಿರ್ಸಿಗೆ ಹೋಗಿ ತರಬೇತಿ ಪಡೆದು ಬಂದು, ಸಂಘದ ಕುರಿ, ಕೋಳಿ, ಮೊಲ ಎಲ್ಲದರ ಆರೈಕೆ ನೋಡಿಕೊಳ್ಳುತ್ತಿದ್ದವಳು. ಅವಳು ಕೊಡುವಾಗಲೇ ಕಟ್ಟುನಿಟ್ಟು ಹೇಳಿದ್ದಳು: ಮರಿ ಸಂಘದ್ದು, ಸಾಕುವ ಕೈ ಮಾತ್ರ ನಿಮ್ಮದು. ದೀಪಾವಳಿಯ ದೊಡ್ಡಹಬ್ಬದ ಹೊತ್ತಿಗೆ ಸರಿಯಾಗಿ ಬೆಳೆದಿದ್ದರೆ ನಿಮ್ಮ ಗೂಡಲ್ಲೇ ಉಳಿಯುತ್ತವೆ. ಇಲ್ಲದಿದ್ದರೆ ಯಾರು ಚೆನ್ನಾಗಿ ಸಾಕಿದ್ದಾರೋ ಅವರ ಮನೆಗೆ ಹೋಗುತ್ತವೆ.

"ನಾಗಿ ಮರಿ ನಮ್ಮನೆಗೇ ಬರ್ತಾವೆ, ಬುಟ್ಟಿ ತಯಾರು ಮಾಡ್ಕ" ಎಂದು ಹೊನ್ನಮ್ಮ ಅಲ್ಲೇ ಹೇಳಿಬಿಟ್ಟಿದ್ದಳು.

"ಹೊನ್ನಕ್ಕಾ, ನಿನ್ನ ಬಾಯಿಗೆ ಮೊದ್ಲು ಒಂದು ಗೂಡು ಕಟ್ಸು" ಎಂದಿದ್ದಳು ನಾಗಿ.

ಹೊನ್ನಮ್ಮ ಮರಿಗಳನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ತಂದಳು. ದನಗಳಿಲ್ಲದೆ ಬರಿದಾಗಿದ್ದ ಕೊಟ್ಟಿಗೆಯಲ್ಲಿ ಗೂಡು ಇಡಿಸಿದಳು. ಕಾಲು ಕೊಟ್ಟು ಎತ್ತರಿಸಿದ ಮರದ ಪೆಟ್ಟಿಗೆ, ಅಡಿಗೆ ಜಾಲರಿ. ಬೆಳ್ಳಗಿದ್ದದ್ದು ಬೆಳ್ಳಿ. ಬೂದು ಬಣ್ಣದ್ದು ಬೂದಿ. ಮೂರನೆಯದು ಗಂಡು, ಮುಂಗಾಲು ಎರಡನ್ನೂ ಎದೆಯ ಮುಂದೆ ಮಡಚಿಕೊಂಡು, ಯಾರೋ ಬಂದು ಸಲಾಮು ಹೊಡೆಯಲಿ ಎಂಬಂತೆ ಕೂರುತ್ತಿತ್ತು. ಅದಕ್ಕೆ ಸಾಹೇಬ ಎಂದು ಹೆಸರಾಯಿತು.

ಇನ್ನು ಅನ್ನದ ವಿಷಯ.

ಹೊನ್ನಮ್ಮನ ಗಂಡ ಕೆರಿಯ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ. ಮಕ್ಕಳಿಲ್ಲ. ಗದ್ದೆಯನ್ನು ಉಲ್ಲಾಸನಿಗೆ ಗೇಣಿಗೆ ಕೊಟ್ಟಾಗಿತ್ತು. ಆದರೆ ಅಕ್ಕಿ ಅಳೆಯುವ ಸಿದ್ದೆ ಮಾತ್ರ ಹಳೆಯದೇ. ಆ ಕಂಚಿನ ಪಾತ್ರೆ ತುಂಬ ಅಕ್ಕಿ ಹಾಕಿದರೆ ಇಬ್ಬರ ಊಟಕ್ಕೆ ಸರಿ. ಮದುವೆಯಾಗಿ ಬಂದ ದಿನದಿಂದ ಹೊನ್ನಮ್ಮನ ಕೈಗೆ ಆ ಅಳತೆ ಮಾತ್ರ ಗೊತ್ತು. ಕೆರಿಯ ಹೋದ ಮೇಲೂ ಕೈ ತಾನಾಗಿ ಸಿದ್ದೆಯನ್ನು ತುಂಬುತ್ತಿತ್ತು. ಅರ್ಧಕ್ಕೆ ನಿಲ್ಲಿಸಲು ನೋಡಿದ್ದಳು. ಅರ್ಧ ಸಿದ್ದೆ ಅಕ್ಕಿಯನ್ನು ಕಂಡರೆ ಮನೆಯಲ್ಲಿ ಯಾರಿಗೋ ಕಾಯಿಲೆ ಅನ್ನಿಸುತ್ತಿತ್ತು. ತುಂಬಿಸಿದ ಮೇಲೇ ಸಮಾಧಾನ. ಉಂಡ ಮೇಲೆ ಪಾತ್ರೆಯಲ್ಲಿ ಒಬ್ಬರ ಅನ್ನ ಉಳಿದು, ಅದು ಅವಳನ್ನೇ ನೋಡುತ್ತಿರುತ್ತಿತ್ತು. ಕಾಗೆಗೆ ಹಾಕಿದಳು. ಯಾರದೋ ನಾಯಿಗೆ ಹಾಕಿದಳು. ಕಾಗೆ ತಿಂದು ಹಾರಿ ಹೋಗುತ್ತದೆ, ನಾಯಿ ತಿಂದು ತನ್ನ ಮನೆಗೆ ಹೋಗುತ್ತದೆ.

ಮೊಲಗಳು ಹೋಗಲಿಲ್ಲ. ಒಂದು ಮಧ್ಯಾಹ್ನ ಒಂದು ತುತ್ತು ಅನ್ನಕ್ಕೆ ಬೆಲ್ಲದ ಚೂರು ಸೇರಿಸಿ ಗೂಡಿನೊಳಗೆ ಇಟ್ಟಳು. ಸಾಹೇಬ ಮೂಸಿ, ಮೀಸೆ ಕುಣಿಸಿ, ತಿಂದು, ಇನ್ನೂ ಐತಾ ಎಂಬಂತೆ ಕೂತ. ಅಂದಿನಿಂದ ಹೊನ್ನಮ್ಮ ತನ್ನ ತಟ್ಟೆಯನ್ನು ಕೊಟ್ಟಿಗೆಗೇ ತಂದುಕೊಂಡಳು. ಅವಳು ಮಣೆಯ ಮೇಲೆ, ಅವು ಗೂಡಿನಲ್ಲಿ. ಕೆರಿಯನ ಪಾಲಿನ ಅನ್ನ ಮೂವರಿಗೆ ಹಂಚಿಕೆ.

"ಉಪ್ಪು ಸಾಕನಾ ಸಾಹೇಬಾ? ಸಾಲ್ದಿದ್ರೆ ಹೇಳು. ಅವರಂಗೆ ಮೂತಿ ತಿರುವ್ಬೇಡ" ಎನ್ನುತ್ತಿದ್ದಳು. ಸಾಹೇಬ ಮೂತಿ ತಿರುವದೆ ತಿನ್ನುತ್ತಿದ್ದ. ಆ ಒಂದು ವಿಷಯದಲ್ಲಿ ಅವನು ಕೆರಿಯನಿಗಿಂತ ಒಳ್ಳೆಯವನು.

ಚೇತನಾ ಕೊಕ್ಕೆಯ ತಕ್ಕಡಿ ತಂದು ತೂಗಿದ ದಿನ ಹೊನ್ನಮ್ಮನ ಮರಿಗಳು ನಾಗಿಯ ಮರಿಗಳಿಗಿಂತ ತೂಕ ಹೆಚ್ಚು ಬಂದವು. ಹೊನ್ನಮ್ಮನಿಗೆ ಕುಣಿಯುವುದೊಂದು ಬಾಕಿ. ಆದರೆ ಚೇತನಾಳ ಮುಖ ಅರಳಲಿಲ್ಲ. ಅವಳು ಸಾಹೇಬನ ಬೆನ್ನ ಮೇಲೆ ಬೆರಳಾಡಿಸಿದಳು, ಹೊಟ್ಟೆ ಅದುಮಿದಳು, ಜಾಲರಿಯ ಕೆಳಗೆ ಬಗ್ಗಿ ಹಿಕ್ಕೆ ನೋಡಿದಳು. ಕಾಳುಮೆಣಸಿನ ಹಾಗೆ ಗಟ್ಟಿಯಾಗಿ ಉದುರಬೇಕಾದ ಹಿಕ್ಕೆ ಮೆತ್ತಗೆ ಅಂಟಿಕೊಂಡಿತ್ತು.

"ಅಜ್ಜೀ, ಹುಲ್ಲು ಹಂಗೇ ಐತಲ್ಲ?"

"ಈಗಷ್ಟೇ ಹಾಕಿದ್ದು ಕಣೇ."

"ಈಗಷ್ಟೇ ಹಾಕಿದ ಹುಲ್ಲು ಹಿಂಗೆ ಬಾಡ್ತದಾ?"

"ಬಿಸ್ಲು ತಂಗೀ, ಬಿಸ್ಲು."

"ಕೊಟ್ಟಿಗೆ ಒಳಗೆ?"

ಹೊನ್ನಮ್ಮ ಮೇಲಿನ ಹಂಚಿನ ಸಾಲು ನೋಡಿದಳು. ಅಲ್ಲಿ ಒಂದು ತೂತೂ ಇರಲಿಲ್ಲ.

ಚೇತನಾ ಗೂಡಿನ ಮೂಲೆಯಿಂದ ಒಂದು ಅಗುಳನ್ನು ಉಗುರಿನಲ್ಲಿ ಎತ್ತಿ ಹಿಡಿದಳು. "ಇದೆಂತದು? ಅನ್ನ, ಬೆಲ್ಲ ಅಂದ್ರೆ ಬರೀ ಶಕ್ತಿ ಅಜ್ಜಿ. ಮೊಲಕ್ಕೆ ಶಕ್ತಿ ಸಾಕಾತು ಅಂದ್ಕೂಡ್ಲೆ ಬಾಯಿ ಮುಚ್ತದೆ. ಮತ್ತೆ ಹುಲ್ಲು ಮೂಸಾದಿಲ್ಲ. ಹುಲ್ಲು ಹೋಗ್ದಿದ್ರೆ ಕರುಳು ನಡಿಯಾದಿಲ್ಲ. ಬೆಳೆಯೋ ಮರಿಗೆ ಎಲುಬಾಗ್ಬೇಕು, ಮೈ ಆಗ್ಬೇಕು. ನೀನು ಬರೀ ನೆಣ ಕಟ್ಟಿಸ್ತಿದೀಯ."

"ನೀನು ಮದುವೆ ಆಗಿ ಬರೋವಾಗ ಕಂಡಿದ್ದು ಎಲುಬೊಂದೇ. ಉಲ್ಲಾಸನ ಮನೆ ಅನ್ನ ಉಂಡ ಮೇಲೇ ಸೀರೆ ಸೊಂಟದ ಮೇಲೆ ನಿಂತಿದ್ದು. ಅನ್ನಕ್ಕೆ ಬಯ್ತಾಳೆ ಕಾಣಿ."

"ನಾನು ಮೊಲ ಅಲ್ಲ ಅಜ್ಜಿ."

"ಹಲ್ಲು ಕಂಡ್ರೆ ಹಂಗೆ ಅನ್ಸಾದಿಲ್ಲ."

ಚೇತನಾಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಹೊರಟಳು. ಹೊರಡುವಾಗ ಮಾತ್ರ ತಿರುಗಿ, "ಅನ್ನ ನಿಲ್ಸು. ಇಲ್ದಿದ್ರೆ ಇವು ನಾಗಮ್ಮನ ಮನೆಗೆ ಹೋತಾವೆ" ಎಂದಳು.

ಹೊನ್ನಮ್ಮ ನಿಲ್ಲಿಸಿದಳು. ಅಂದರೆ ಕಡಿಮೆ ಮಾಡಿದಳು. ಅಂದರೆ ಬೆಲ್ಲ ಹಾಕುವುದನ್ನು ಬಿಟ್ಟಳು.

ಅಷ್ಟರಲ್ಲಿ ಭೂಮಿ ಹುಣ್ಣಿಮೆ ಬಂತು. ಭತ್ತ ಹೊಡೆ ತುಂಬಿ ನಿಲ್ಲುವ ಕಾಲದಲ್ಲಿ ಭೂಮಿಯೂ ಬಸುರಿ ಎಂದು ಈ ಕಡೆಯ ಜನರ ನಂಬಿಕೆ. ಬಸುರಿ ಮಗಳಿಗೆ ಬಯಕೆ ಊಟ ಹಾಕುವ ಹಾಗೆ ಅವಳಿಗೂ ಹಾಕಬೇಕು. ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ಕಡುಬು, ಪಾಯಸ, ಬಗೆಬಗೆಯ ಸೊಪ್ಪಿನ ಅಡುಗೆ. ಬೆಳಕು ಹರಿಯುವ ಮೊದಲೇ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಕೂಗಿ ಕರೆದು, ಭೂಮಿಗೆ ಉಣಿಸಿ ಬರುತ್ತಾರೆ.

ಹೊನ್ನಮ್ಮನ ಗದ್ದೆಗೆ ಉಣಿಸುವುದು ಈಗ ಉಲ್ಲಾಸನ ಕೆಲಸ. ಚೇತನಾ ಹಿಂದಿನ ದಿನವೇ ಬಂದು ಕರೆದಿದ್ದಳು. "ನಮ್ಮನೇಲೇ ಊಟ, ನೀನು ಒಲೆ ಹಚ್ಚಬ್ಯಾಡ." ಹೊನ್ನಮ್ಮ ಹೂಂ ಎಂದಿದ್ದಳು. ಆದರೆ ಸಂಜೆಯಾದಂತೆ ಕೈ ಸುಮ್ಮನಿರಲಿಲ್ಲ. ಅಟ್ಟದ ಹಳೆಯ ಬುಟ್ಟಿ ಇಳಿಯಿತು. ಕೆಮ್ಮಣ್ಣು ಕಲಸಿಯಾಯಿತು. ಚಿತ್ತಾರ ಬರೆದು ಮುಗಿಯುವ ಹೊತ್ತಿಗೆ ಕಡುಬಿನ ಹಿಟ್ಟೂ ರುಬ್ಬಿಯಾಗಿತ್ತು.

ಕೋಳಿ ಕೂಗುವ ಹೊತ್ತಿಗೆ ಬುಟ್ಟಿ ತುಂಬಿ ಜಗಲಿಯ ಮೇಲಿತ್ತು. ಹೊರುವವರಿಲ್ಲ. ದೂರದ ಗದ್ದೆಯಿಂದ ಉಲ್ಲಾಸ ಭೂಮಿತಾಯಿಯನ್ನು ಕರೆಯುವ ದನಿ ಕೇಳಿಸಿತು. ಅದು ಕೆರಿಯ ಕರೆಯುತ್ತಿದ್ದ ಗದ್ದೆ. ಕೆರಿಯನ ದನಿ ಇನ್ನೂ ದೊಡ್ಡದು. ಅವನು ಕರೆದರೆ ಸೊರಬದ ಭೂಮಿಯೂ ಎದ್ದು ಬರುತ್ತಿತ್ತು ಎಂದು ಹೊನ್ನಮ್ಮ ಹೇಳುತ್ತಿದ್ದುದುಂಟು. ಅದಕ್ಕೆ ಹೂಂಗುಡಲು ಈಗ ಯಾರೂ ಇರಲಿಲ್ಲ.

ಅವಳು ಬುಟ್ಟಿ ಎತ್ತಿಕೊಂಡು ಕೊಟ್ಟಿಗೆಗೆ ನಡೆದಳು.

"ಭೂಮಿಗೇ ಉಣ್ಸ್ತಾರೆ. ನೀವೆಂತ ಪಾಪ ಮಾಡೀರಿ? ನೀವೂ ಬೆಳೆಯೋರೇ ಅಲ್ದಾ?" ಎಂದು ಗೂಡಿನ ಬಾಗಿಲು ತೆಗೆದಳು. ಕಡುಬು, ಪಾಯಸದ ಅನ್ನ, ಬೆಲ್ಲ, ಕಾಯಿತುರಿ. ಬೆಳ್ಳಿ, ಬೂದಿ ಸ್ವಲ್ಪ ತಿಂದು ಹಿಂದೆ ಸರಿದವು. ಸಾಹೇಬ ಸರಿಯಲಿಲ್ಲ. ಎದೆಯ ಮುಂದೆ ಕಾಲು ಮಡಚಿ ಕೂತು ಕಾಯುವುದು, ಕೊಟ್ಟದ್ದನ್ನು ತಿನ್ನುವುದು, ಮತ್ತೆ ಕಾಯುವುದು. ಹಬ್ಬದ ದಿನ ಬಡಿಸುವ ಕೈಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ? ಬುಟ್ಟಿಯ ಮುಕ್ಕಾಲು ಪಾಲು ಕರಗುವವರೆಗೆ ಹೊನ್ನಮ್ಮ ಅಲ್ಲೇ ಮಾತಾಡುತ್ತ ಕೂತಳು. ಆಗ ಅವಳಿಗೆ ಗದ್ದೆಯ ಕೂಗು ಕೇಳಿಸಲಿಲ್ಲ.

ಮಾರನೆಯ ದಿನ ಸಾಹೇಬ ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತಿದ್ದ. ಹಲ್ಲು ಕಟಕಟ ಎನ್ನಿಸುತ್ತಿದ್ದ. ಹೊಟ್ಟೆ ಉಬ್ಬಿ ಡೋಲಿನಂತಾಗಿತ್ತು. ಹೊನ್ನಮ್ಮ ಓಡಿ ಹೋಗಿ ಚೇತನಾಳನ್ನು ಕರೆತಂದಳು. ಚೇತನಾ ಔಷಧಿ ಕುಡಿಸಿದಳು, ಹೊಟ್ಟೆ ನೀವಿದಳು. ಸಂಜೆಯಾಗುವ ಮುಂಚೆ ಸಾಹೇಬ ಹೊನ್ನಮ್ಮನ ಸೆರಗಿನಲ್ಲೇ ತಣ್ಣಗಾದ.

ಚೇತನಾ ಬುಟ್ಟಿಯನ್ನು ನೋಡಿದಳು. ಅದರ ಚಿತ್ತಾರ ನೋಡಿದಳು. ಒಳಗೆ ಅಂಟಿದ್ದ ಪಾಯಸ ನೋಡಿದಳು. ಬಯ್ಯಲೆಂದು ಬಾಯಿ ತೆರೆದವಳು ಬಯ್ಯಲಿಲ್ಲ.

"ಅಜ್ಜೀ, ದೊಡ್ಡಹಬ್ಬದ ಮುಂಚಿನ ದಿನ ಬತ್ತೀನಿ. ಇವೆರಡೂ ಸರಿ ಇದ್ರೆ ಇಲ್ಲೇ ಇರ್ತಾವೆ. ಇಲ್ದಿದ್ರೆ ನಾನು ಎಂತ ಮಾಡೂಕಾತದೆ ಹೇಳು. ಸಂಘದೋರು ಕೇಳ್ತಾರೆ."

ಹೊನ್ನಮ್ಮನ ಬಾಯಿಗೆ ಒಂದು ತಮಾಷೆಯೂ ಬರಲಿಲ್ಲ. ಇದು ಊರಿನವರು ಯಾರೂ ಕಾಣದ ಸಂಗತಿ.

ಆಮೇಲೆ ಅವಳು ಇನ್ನೊಂದು ತುದಿಗೆ ಹೋದಳು. ಉಣಿಸಿದ ಕೈಯೇ ಕೊಂದಿತು, ಇನ್ನು ಉಣಿಸುವುದೇ ಬೇಡ ಎಂದು ಬೆಳ್ಳಿ ಬೂದಿಗೆ ಒಣಹುಲ್ಲು ಮಾತ್ರ ಹಾಕಿದಳು. ಬರೀ ಹಳೆಯ ಭತ್ತದ ಹುಲ್ಲು. ಅವು ತಿಂದವು. ಬೆಳಗಿನಿಂದ ಬೈಗಿನವರೆಗೆ ಕರಕರ ಕರಕರ. ಮೊದಮೊದಲು ಹೊನ್ನಮ್ಮನಿಗೆ ಆ ಸದ್ದು ಹಿತವಾಗಿತ್ತು. ಮನೆಯಲ್ಲಿ ಯಾರೋ ಏನೋ ಕೆಲಸ ಮಾಡಿಕೊಂಡಿದ್ದಾರೆ ಅನ್ನಿಸುತ್ತಿತ್ತು. ಅವಳು ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುವಾಗ ಗೋಡೆಯಾಚೆಯ ಆ ಕರಕರಕ್ಕೆ ಕಿವಿ ಕೊಟ್ಟು ಉಣ್ಣುತ್ತಿದ್ದಳು. ಪಾತ್ರೆಯಲ್ಲಿ ಕೆರಿಯನ ಪಾಲು ಉಳಿಯುತ್ತಿತ್ತು. ಅದನ್ನು ನೀರು ಹಾಕಿಟ್ಟು, ಬೆಳಿಗ್ಗೆ ಹುಳಿ ಬಂದದ್ದನ್ನು ತಾನೇ ಉಣ್ಣುತ್ತಿದ್ದಳು.

ಒಂದು ದಿನ ನಾಗಿ ಇಣುಕಿದಳು. ಸಾಹೇಬನ ಸುದ್ದಿ ಕೇಳಿ ಬಂದವಳು, ಗೂಡಿನ ಮುಂದೆ ನಿಂತಳು.

"ಹೊನ್ನಕ್ಕಾ, ಇವೆಂತ ಕಡ್ಡಿ ಆಗ್ಯಾವೆ? ಗಾಳಿ ಬಂದ್ರೆ ಹಾರಿ ಹೋತಾವೆ."

"ಇಡೀ ದಿನ ತಿಂತಾವೆ ಮಾರಾಯ್ತಿ. ಕೇಳು ಬೇಕಾದ್ರೆ."

ನಾಗಿ ಕೇಳಿದಳು. ಹೋಗಿ ಚೇತನಾಳಿಗೆ ಹೇಳಿದಳು. ಚಾಡಿ ಹೇಳುವುದಕ್ಕಲ್ಲ; ಅವಳಿಗೆ ಹೊನ್ನಮ್ಮನ ಜೊತೆ ಜಗಳಾಡಲು ಆ ಮೊಲಗಳು ಇಲ್ಲೇ ಉಳಿಯಬೇಕಿತ್ತು.

ಚೇತನಾ ಬಂದು ಬೂದಿಯ ಬೆನ್ನ ಮೇಲೆ ಕೈಯಿಟ್ಟಳು. ಬೆನ್ನೆಲುಬು ಬೆರಳಿಗೆ ಸಾಲಾಗಿ ಸಿಕ್ಕಿತು.

"ಒಣಹುಲ್ಲಲ್ಲಿ ಶಕ್ತಿ ಇಲ್ಲ ಅಜ್ಜಿ. ಎಷ್ಟು ತಿಂದ್ರೂ ಸಾಕಾಗಾದಿಲ್ಲ. ಅದಕ್ಕೇ ಇಡೀ ದಿನ ತಿಂತಾವೆ. ತಿಂದ್ರೂ ಬೆಳೆಯಾದಿಲ್ಲ."

"ಸುಖಕ್ಕೆ ತಿಂತಾವೆ ಅಂದ್ಕಂಡಿದ್ದೆ" ಎಂದಳು ಹೊನ್ನಮ್ಮ. ಆಮೇಲೆ ಸಿಟ್ಟು ಬಂತು. "ಉಣ್ಸಿದ್ರೆ ಹೊಟ್ಟೆ ಒಡೀತದೆ ಅಂತೀಯ. ಉಣ್ಸದಿದ್ರೆ ಒಣಗ್ತಾವೆ ಅಂತೀಯ. ಇದು ಮೊಲನೋ, ಅತ್ತೆ ಮನೇಗೆ ಹೊಸತಾಗಿ ಬಂದ ಸೊಸೆನೋ?"

"ಎರಡರ ನಡೂಕೆ ಒಂದು ಅಳತೆ ಐತೆ ಅಜ್ಜಿ. ಹಸಿಹುಲ್ಲು ಎಷ್ಟಾದ್ರೂ ಹಾಕು. ಗೆಣಸಿನ ಬಳ್ಳಿ, ಹಲಸಿನ ಸೊಪ್ಪು ಹಾಕು. ಅದರ ಮೇಲೆ ಮರಿ ಜೊತೆ ನಾನು ಕೊಟ್ಟ ಮೊಲದ ತಿಂಡಿ, ಒಂದೊಂದಕ್ಕೆ ಒಂದೊಂದು ಹಿಡಿ. ಎರಡು ಹಿಡಿ ಅಲ್ಲ. ಅನ್ನ ಅಂತೂ ಮುಟ್ಟಿಸ್ಬೇಡ."

"ಒಂದು ಹಿಡಿ."

"ಒಂದೇ ಹಿಡಿ. ನಿನ್ನ ಕೈಯಲ್ಲಿ."

"ನನ್ನ ಕೈಗೆ ಸಿದ್ದೆ ಬಿಟ್ರೆ ಬೇರೆ ಅಳತೆ ಗೊತ್ತಿಲ್ಲ ಕಣೇ" ಎಂದಳು ಹೊನ್ನಮ್ಮ. ಅದು ಅವಳ ಬಾಯಿಂದ ತಮಾಷೆಯ ಹಾಗೆ ಹೊರಡಲಿಲ್ಲ. ಚೇತನಾ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಅನ್ನದ ಪಾತ್ರೆಯ ಮುಚ್ಚಳ ತೆಗೆದಳು. ಅದರಲ್ಲಿ ಒಬ್ಬರ ಅನ್ನ ಕೈ ಮುಟ್ಟದೆ ಉಳಿದಿತ್ತು. ಮುಚ್ಚಳವನ್ನು ಹಾಗೆಯೇ ಮುಚ್ಚಿ ಹೊರಗೆ ಬಂದಳು.

"ಅನ್ನ ಪಾತ್ರೆಲಿ ಉಳಿದ್ರೆ ಒಂದಲ್ಲ ಒಂದು ದಿನ ಅದು ಗೂಡಿಗೆ ಹೋತದೆ ಅಜ್ಜಿ" ಎಂದಳು ಹೊರಡುವಾಗ. "ಅದು ನಿಂಗೂ ಗೊತ್ತು."

ಗೊತ್ತಿತ್ತು. ದೊಡ್ಡಹಬ್ಬಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಹೊನ್ನಮ್ಮ ಬೆಳಿಗ್ಗೆ ಎದ್ದು ಗದ್ದೆಯ ಬದುವಿನಲ್ಲಿ ಇಬ್ಬನಿ ಆರಿದ ಮೇಲೆ ಹುಲ್ಲು ಕೊಯ್ಯುತ್ತಿದ್ದಳು. ಉಲ್ಲಾಸನ ಹಿತ್ತಿಲಿನಿಂದ ಗೆಣಸಿನ ಬಳ್ಳಿ ಕೇಳಿ ತರುತ್ತಿದ್ದಳು. ತಿಂಡಿಯನ್ನು ಹಿಡಿಯಲ್ಲಿ ತೆಗೆದು, ಹಿಡಿ ದೊಡ್ಡದಾಯಿತೇ ಎಂದು ಬೆರಳು ಸಡಿಲಿಸಿ, ಸಣ್ಣದಾಯಿತೇ ಎಂದು ಮತ್ತೆ ಬಿಗಿದು, ಗೂಡಿನ ಮುಂದೆ ದೇವರಿಗೆ ಆರತಿ ಎತ್ತುವವಳ ಹಾಗೆ ನಿಲ್ಲುತ್ತಿದ್ದಳು.

ಕಷ್ಟವಿದ್ದದ್ದು ಮಧ್ಯಾಹ್ನ. ಅನ್ನ ಬೆಂದ ವಾಸನೆ ಕೊಟ್ಟಿಗೆಗೆ ಹೋದ ಕೂಡಲೇ ಬೆಳ್ಳಿ ಎದ್ದು ಜಾಲರಿಗೆ ಕಾಲು ಕೊಡುತ್ತಿತ್ತು. ಕೆರೆಯುತ್ತಿತ್ತು. ಹೊನ್ನಮ್ಮ ನಡುವಿನ ಬಾಗಿಲು ಹಾಕಿಕೊಂಡು ಉಣ್ಣಲು ಕೂರುತ್ತಿದ್ದಳು. ಕೆರೆತ ಬಾಗಿಲಿನಾಚೆಯಿಂದಲೂ ಕೇಳುತ್ತಿತ್ತು. ಪಾತ್ರೆಯಲ್ಲಿ ಅನ್ನ, ಆಚೆ ಕಾಯುವ ಬಾಯಿ, ನಡುವೆ ತಾನು. ಉಣ್ಣುವವರನ್ನು ಕಾಯಿಸಿ ಉಂಡು ಅವಳಿಗೆ ಅಭ್ಯಾಸವಿಲ್ಲ. ಒಂದು ಸಲ ತುತ್ತು ಕೈಯಲ್ಲಿ ಹಿಡಿದುಕೊಂಡು ಬಾಗಿಲವರೆಗೂ ಹೋದಳು. ಅಗಳಿಯ ಮೇಲೆ ಕೈಯಿಟ್ಟಳು. ಸಾಹೇಬನ ಹೊಟ್ಟೆ ನೆನಪಾಯಿತು. ತುತ್ತು ತನ್ನ ಬಾಯಿಗೇ ಹೋಯಿತು.

ಮರುದಿನ ಅವಳು ಸಿದ್ದೆಯನ್ನು ಅಕ್ಕಿಯ ಡಬ್ಬಿಯಿಂದ ತೆಗೆದು, ತೊಳೆದು, ಒರೆಸಿ, ಕೆರಿಯನ ಹಳೆಯ ಪಂಚೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟಳು.

ದೊಡ್ಡಹಬ್ಬದ ಮುಂಚಿನ ದಿನ ಚೇತನಾ ತಕ್ಕಡಿ ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಖಾಲಿ ಬುಟ್ಟಿ ಇತ್ತು. ಹೊನ್ನಮ್ಮ ಬುಟ್ಟಿಯನ್ನು ಕಂಡಳು, ಕಾಣದವಳಂತೆ ಎಲೆಗೆ ಸುಣ್ಣ ಹಚ್ಚಿದಳು. ಬೆರಳು ಸುಣ್ಣವನ್ನು ಎಲೆಗಿಂತ ಹೆಚ್ಚು ಸೀರೆಗೆ ಹಚ್ಚಿತು.

ಚೇತನಾ ಬೆಳ್ಳಿಯನ್ನು ತೂಗಿದಳು. ಬೂದಿಯನ್ನು ತೂಗಿದಳು. ಬೆನ್ನು ಸವರಿದಳು, ಎಲುಬು ಇತ್ತು, ಚುಚ್ಚಲಿಲ್ಲ. ಹೊಟ್ಟೆ ಮೆತ್ತಗೆ, ಹಗುರ. ಜಾಲರಿಯ ಕೆಳಗೆ ಹಿಕ್ಕೆ ಗಟ್ಟಿಯಾಗಿ, ಒಣಗಿ, ಬಿಡಿಬಿಡಿಯಾಗಿ ಬಿದ್ದಿತ್ತು. ಬೂದಿ ಅವಳ ಕೈಯಿಂದ ಜಿಗಿದು ಗೂಡಿನ ಮೂಲೆ ಸೇರಿ ಹುಲ್ಲಿಗೆ ಬಾಯಿ ಹಾಕಿತು.

"ನಾಗಮ್ಮನ ಮರಿಗಿಂತ ಚೂರು ಕಮ್ಮಿ ಅಜ್ಜಿ" ಎಂದಳು ಚೇತನಾ.

ಹೊನ್ನಮ್ಮನ ಕಣ್ಣು ಖಾಲಿ ಬುಟ್ಟಿಯ ಕಡೆ ಹೋಯಿತು.

"ಕಮ್ಮಿ ಆದ್ರೂ ಗಟ್ಟಿ ಆಗ್ಯಾವೆ. ಇಲ್ಲೇ ಇರ್ಲಿ."

ಹೊನ್ನಮ್ಮ ಎದ್ದು, ಜಗಲಿಯ ಮೇಲಿದ್ದ ಗಂಟನ್ನು ತಂದು ಚೇತನಾಳ ಖಾಲಿ ಬುಟ್ಟಿಯೊಳಗೆ ಇಟ್ಟಳು.

"ಎಂತದು ಇದು?"

"ಸಿದ್ದೆ. ಬುಟ್ಟಿ ತಂದೀಯ, ಖಾಲಿ ಹೋಗ್ಬಾರ್ದು. ನಿಮ್ಮನೇಲಿ ಉಣ್ಣೋರು ಇದ್ದಾರೆ, ನಿಂಗೆ ಬೇಕಾತದೆ."

"ಅಜ್ಜೀ, ಇದು ಕೆರಿಯಜ್ಜನ ಕಾಲದ್ದು…"

"ಅವರ ಕಾಲದ್ದಲ್ಲ. ಕದಂಬರ ರಾಜ ನಮ್ಮತ್ತೆಗೆ ಕೊಟ್ಟಿದ್ದು. ಬನವಾಸಿಲಿ ಕೇಳು, ಬರ್ದಿಟ್ಟಾರೆ" ಎಂದಳು ಹೊನ್ನಮ್ಮ. ಬಹಳ ದಿನದ ಮೇಲೆ ಅವಳ ಬಾಯಿ ತನ್ನ ದಾರಿಗೆ ಬಂದಿತ್ತು. "ಅರ್ಧ ಸುಳ್ಳು. ಅತ್ತೆ ಕೊಟ್ಟಿದ್ದು ಮಾತ್ರ ನಿಜ."

ಚೇತನಾ ಗಂಟನ್ನು ಬುಟ್ಟಿಯಿಂದ ಎತ್ತಿ ಎದೆಗೆ ಒತ್ತಿಕೊಂಡಳು. ಹೊರಟವಳು ಬಾಗಿಲಲ್ಲಿ ನಿಂತಳು. ಅಡುಗೆಮನೆಯಿಂದ ಅನ್ನ ಬೆಂದ ವಾಸನೆ ಬರುತ್ತಿತ್ತು. ಮುಚ್ಚಳ ಸಣ್ಣಗೆ ಕುಣಿಯುತ್ತಿತ್ತು. ಕೊಟ್ಟಿಗೆಯಲ್ಲಿ ಮೊಲಗಳು ಹುಲ್ಲು ಕಡಿಯುವ ಸದ್ದು.

"ಸಿದ್ದೆ ಇಲ್ದೆ ಅಕ್ಕಿ ಹೆಂಗೆ ಅಳ್ದೆ ಅಜ್ಜಿ?"

"ಹಿಡೀಲಿ. ನೀನೇ ಕಲ್ಸಿದ್ದಲ್ದಾ?"

"ಎಷ್ಟು ಹಿಡಿ ಹಾಕ್ದೆ?"

ಹೊನ್ನಮ್ಮ ಎಲೆಯನ್ನು ಮಡಚಿ ದವಡೆಗೆ ಸೇರಿಸಿದಳು. ಚೇತನಾಳ ಕಣ್ಣು ಒಲೆಯ ಕಡೆ ಹೋದದ್ದನ್ನು ಕಂಡು, ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತಳು.

"ಮುಚ್ಚಳ ಮುಟ್ಬೇಡ ಮತ್ತೆ. ಸಿರ್ಸಿಗೆ ಹೋಗಿ ಕಲ್ತು ಬಂದೋಳು ನೀನು. ಒಬ್ಬರ ಅನ್ನನೋ, ಇಬ್ಬರದೋ? ಅಲ್ಲೇ ನಿಂತ್ಕಂಡು ಹೇಳು, ಕಾಂಬ."